ಉಕ್ಕಿನ ತೋಟೆಯಿಂದ ಪಿಸ್ತೂಲು ಕೆಡುತ್ತಾ? ಕೈಲ್ ಮುಹೂರ್ತಕ್ಕೆ ಮುಂಚಿನ ಒಂದು ರಿಪೇರಿ

ಆಗಸ್ಟ್ ಎರಡನೇ ವಾರ. ವಿರಾಜಪೇಟೆಯಲ್ಲಿ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಕೈಲ್ ಮುಹೂರ್ತ, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ, ಸೆಪ್ಟೆಂಬರ್ 3ಕ್ಕೆ. ಅದಕ್ಕೆ ಮುಂಚಿನ ಮೂರು ವಾರ ನಮ್ಮ ಕೋವಿ ರಿಪೇರಿ ಅಂಗಡಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಅಟ್ಟದಲ್ಲಿ, ಬೀರುವಿನಲ್ಲಿ ಮಲಗಿದ್ದ ಕೋವಿಗಳೆಲ್ಲ ಪೂಜೆಗೆ ಮುಂಚೆ ಎಣ್ಣೆ ಕಾಣಬೇಕು ಅಂತ ಬರುತ್ತವೆ.

ಆ ದಿನ ಬಂದವರು ಸುಬೇದಾರ್ ಮಾವ. ಸೈನ್ಯದಿಂದ ನಿವೃತ್ತರಾಗಿ ಈಗ ಕಾಫಿ ತೋಟ ನೋಡಿಕೊಳ್ಳುತ್ತಿದ್ದಾರೆ. ನನ್ನ ಅಪ್ಪನ ಕಾಲದ ಗಿರಾಕಿ. ಒಂದು ಕೈಯಲ್ಲಿ ಅವರ ಅಜ್ಜನ ಜೋಡು ನಳಿಗೆ ಕೋವಿ, ಇನ್ನೊಂದು ಕೈಯಲ್ಲಿ ಲೈಸೆನ್ಸ್ ಪುಸ್ತಕದ ಜೊತೆಗೆ .32 ಪಿಸ್ತೂಲಿನ ಪೆಟ್ಟಿಗೆ.

"ಎರಡೂ ಕೈಕೊಡ್ತಿವೆ ಮಗಾ" ಅಂದರು. "ಪಿಸ್ತೂಲಲ್ಲಿ ಖಾಲಿ ತೋಟೆ ಹೊರಗೆ ಬೀಳದೆ ಬಾಯಲ್ಲೇ ನಿಂತುಬಿಡುತ್ತೆ. ಕೋವಿಯಲ್ಲಿ ಬಲಗಡೆ ನಳಿಗೆಯದ್ದನ್ನ ಚಾಕು ಹಾಕಿ ಮೀಟಿ ತೆಗೀಬೇಕು. ನನ್ನ ಮಗ ಟೆಕ್ಸಾಸಿಂದ ಫೋನ್ ಮಾಡಿ ಹೇಳಿದ, ಉಕ್ಕಿನ ತೋಟೆ ಹಾಕಿದರೆ ಪಿಸ್ತೂಲು ಸವೆದು ಹೋಗುತ್ತೆ ಅಂತ. ನಮಗೆ ಕೊಟ್ಟಿರೋದೂ ಉಕ್ಕಿಂದೇನಾ?"

ಈ ಪ್ರಶ್ನೆ ಈಚೆಗೆ ತುಂಬಾ ಜನ ಕೇಳುತ್ತಾರೆ. ಹೊರದೇಶದಲ್ಲಿರುವ ಮಕ್ಕಳು ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳುತ್ತಾರೆ. ಸುಮ್ನೆ ಹೌದು, ಅಲ್ಲ ಅಂದುಬಿಡುವ ವಿಷಯ ಇದಲ್ಲ. ಅದಕ್ಕೇ ಈ ಎರಡು ಕೆಲಸವನ್ನೂ ಮಾಡಿದ ಹಾಗೇ ಬರೆದಿಟ್ಟೆ.

ಮೊದಲನೇ ದಿನ

ಯಾವ ಆಯುಧ ಮೇಜಿನ ಮೇಲೆ ಬಂದರೂ ಮೊದಲ ಕೆಲಸ ಒಂದೇ. ಮ್ಯಾಗಜೀನ್ ತೆಗೆದೆ. ಸ್ಲೈಡ್ ಹಿಂದಕ್ಕೆಳೆದು ಚೇಂಬರಿಗೆ, ಅಂದರೆ ತೋಟೆ ಕೂರುವ ಗೂಡಿಗೆ, ಟಾರ್ಚ್ ಬಿಟ್ಟು ನೋಡಿದೆ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿದೆ. ಕೋವಿಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಗ್ಗಿಸಿ ತೆರೆದು, ಎರಡೂ ನಳಿಗೆ ನೋಡಿದೆ. ಖಾಲಿ. ಮಾವ ನಾನು ನೋಡುವುದನ್ನೇ ನೋಡುತ್ತಾ ನಿಂತಿದ್ದರು, ಆಮೇಲೆ ಅವರೂ ಒಮ್ಮೆ ನೋಡಿದರು. ಮೂವತ್ತು ವರ್ಷದ ಸೈನ್ಯದ ಅಭ್ಯಾಸ ಅದು, ಬಹಳ ಒಳ್ಳೆಯದು.

ಆಮೇಲೆ ಮ್ಯಾಗ್ನೆಟ್. ಹಾಳಾದ ಸ್ಪೀಕರಿನಿಂದ ಕಿತ್ತಿಟ್ಟ ಒಂದು ತುಂಡು ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಮಾವ ತಂದಿದ್ದ ಮೂರು ಖಾಲಿ .32 ಕೇಸ್‌ಗಳ (ತೋಟೆಯ ಲೋಹದ ಕವಚ) ಮೇಲೆ ಇಟ್ಟೆ. ಹಿಡಿಯಲಿಲ್ಲ. ಅಪ್ಪಟ ಹಿತ್ತಾಳೆ. ಪಕ್ಕದಲ್ಲಿದ್ದ, ಕೋವಿಗೆ ಹಾಕುವ 12 ಬೋರಿನ ಖಾಲಿ ತೋಟೆಗೆ ಇಟ್ಟೆ. ಟಕ್ ಅಂತ ಅಂಟಿಕೊಂಡಿತು.

"ಹಳದಿಯಾಗೇ ಇದೆಯಲ್ಲ ಅದು!" ಅಂದರು ಮಾವ.

ಬಣ್ಣ ಮೋಸ ಮಾಡುತ್ತದೆ. ಇಂಥ ತೋಟೆಗಳಿಗೆ ಮೇಲಿನ ಕೊಳವೆ ಪ್ಲಾಸ್ಟಿಕ್, ಬುಡದ ಬಟ್ಟಲು ಉಕ್ಕು. ಅದರ ಮೇಲೆ ಹಿತ್ತಾಳೆಯ ತೆಳು ಲೇಪ. ಇದೇನು ಹೊಸದೂ ಅಲ್ಲ, ಕಳ್ಳ ಮಾಲೂ ಅಲ್ಲ. ಪ್ರಪಂಚದಾದ್ಯಂತ ಕಡಿಮೆ ಬೆಲೆಯ 12 ಬೋರ್ ತೋಟೆಗಳು ಹೀಗೇ ಇರುತ್ತವೆ. ಅಂದರೆ ಮಾವ ಹೆದರಿದ್ದು ಪಿಸ್ತೂಲಿನ ಬಗ್ಗೆ, ಉಕ್ಕು ಇದ್ದದ್ದು ಕೋವಿಯಲ್ಲಿ.

ಈಗ ಸವೆತದ ಪ್ರಶ್ನೆ. ಹಳೆಯ ಪಿಸ್ತೂಲೊಂದರಿಂದ ತೆಗೆದು ಬಿಸಾಡಲು ಇಟ್ಟಿದ್ದ ಎಕ್ಸ್‌ಟ್ರಾಕ್ಟರ್ ಡಬ್ಬಿಯಲ್ಲಿತ್ತು. ಖಾಲಿ ತೋಟೆಯ ಅಂಚನ್ನು ಕೊಕ್ಕೆಯಲ್ಲಿ ಹಿಡಿದು ಹೊರಗೆ ಎಳೆಯುವ ಭಾಗ ಅದು. ಉಕ್ಕಿನ ಕೇಸ್ ಮೊದಲು ತಿನ್ನುವುದೇ ಇದನ್ನು ಅಂತ ಜನ ಹೇಳುತ್ತಾರೆ. ಅದನ್ನು ವೈಸ್‌ಗೆ ಕಚ್ಚಿಸಿ ಸಣ್ಣ ಅರ ಕೊಟ್ಟು "ನೀವೇ ಉಜ್ಜಿ ನೋಡಿ ಮಾವ" ಅಂದೆ. ಅರ ಗಾಜಿನ ಮೇಲೆ ಜಾರಿದ ಹಾಗೆ ಕಿರ್ರ್ ಅಂತ ಜಾರಿತು. ಗೀರು ಕೂಡ ಬೀಳಲಿಲ್ಲ. ಆಮೇಲೆ 12 ಬೋರಿನ ಖಾಲಿ ತೋಟೆಯ ಬುಡಕ್ಕೆ ಅದೇ ಅರ. ಎರಡೇ ಎಳೆತಕ್ಕೆ ಹಳದಿ ಹೋಯಿತು, ಒಳಗಿನ ಬೂದು ಉಕ್ಕು ಹೊಳೆಯಿತು, ಮೇಜಿನ ಕಾಗದದ ಮೇಲೆ ಪುಡಿ ಬಿತ್ತು.

ಉಕ್ಕು ಅಂದರೆ ಎಲ್ಲ ಒಂದೇ ಅಲ್ಲ, ಅಲ್ವಾ. ತೋಟೆಗೆ ಹಾಕುವುದು ಒತ್ತಿದರೆ ಬಟ್ಟಲಾಗುವ ಮೆತ್ತನೆಯ ಉಕ್ಕು. ಎಕ್ಸ್‌ಟ್ರಾಕ್ಟರ್ ಕಾಯಿಸಿ ಹದ ಹಾಕಿದ ಗಟ್ಟಿ ಉಕ್ಕು. ಚೇಂಬರ್ ಕೂಡ ತೋಟೆಯ ಉಕ್ಕಿಗಿಂತ ಗಟ್ಟಿ. ಮೆತ್ತನೆಯದು ಗಟ್ಟಿಯದನ್ನು ಸವೆಸಲು ಬಹಳ ಕಾಲ ಬೇಕು. ಹಿತ್ತಾಳೆಗಿಂತ ಸ್ವಲ್ಪ ಜಾಸ್ತಿ ಸವೆಯುತ್ತೆ ಅನ್ನುವುದು ನಿಜ. ಆದರೆ ಎಕ್ಸ್‌ಟ್ರಾಕ್ಟರ್ ಕಡಿಮೆ ಬೆಲೆಯ, ಬದಲಾಯಿಸಬಹುದಾದ ಭಾಗ. ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಉಕ್ಕಿನ ಕೇಸ್ ಈಗಿನ ಕಾಲದ್ದೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ ಜರ್ಮನ್ನರು 9 ಮಿ.ಮೀ. ಪಿಸ್ತೂಲು ತೋಟೆಗಳನ್ನು ಅರಗಿನಂಥ ಲೇಪ ಹಚ್ಚಿದ ಉಕ್ಕಿನಲ್ಲಿ ಮಾಡಿದರು. ಅಮೆರಿಕದ ಇವಾನ್ಸ್‌ವಿಲ್‌ನಲ್ಲಿ ಕಾರು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿ .45 ತೋಟೆಗಳನ್ನು ಉಕ್ಕಿನ ಕೇಸಿನಲ್ಲಿ ರಾಶಿ ರಾಶಿ ಮಾಡಿಕೊಟ್ಟಿತು. ಆ ಪಿಸ್ತೂಲುಗಳು ಅದನ್ನು ಹಾಕಿಯೇ ಯುದ್ಧ ಮಾಡಿದವು.

ಮಾವನ ಮಗನ ಮಾತು ಸುಳ್ಳಾ ಹಾಗಾದರೆ? ಪೂರ್ತಿ ಸುಳ್ಳಲ್ಲ. ಉಕ್ಕು ಎಲ್ಲಿದೆ ಅನ್ನುವುದನ್ನು ನೋಡಬೇಕು. ಅಮೆರಿಕದಲ್ಲಿ ಸಿಗುತ್ತಿದ್ದ ರಷ್ಯದ ಅಗ್ಗದ ತೋಟೆಗಳಲ್ಲಿ ಕೇಸ್ ಮಾತ್ರ ಅಲ್ಲ, ಗುಂಡಿನ ಹೊದಿಕೆಯಲ್ಲೂ ಉಕ್ಕು ಇರುತ್ತಿತ್ತು, ಮೇಲೆ ತಾಮ್ರದ ತೆಳು ಪದರ. ಕೇಸ್ ಚೇಂಬರಿನಲ್ಲೇ ಉಳಿಯುತ್ತದೆ. ಗುಂಡು ನಳಿಗೆಯನ್ನು ಉದ್ದಕ್ಕೂ ಉಜ್ಜಿಕೊಂಡು ಹೋಗುತ್ತದೆ. ಲಕ್ಕಿ ಗನ್ನರ್ ಅನ್ನುವ ಅಲ್ಲಿಯ ತೋಟೆ ವ್ಯಾಪಾರಿಗಳು ಒಂದೇ ಥರದ ನಾಲ್ಕು .223 ರೈಫಲ್ ತೆಗೆದುಕೊಂಡು, ಒಂದೊಂದರಲ್ಲಿ 10,000 ಈಡು ಲೆಕ್ಕ ಹಾಕಿ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಉಕ್ಕಿನ ಹೊದಿಕೆಯ ಗುಂಡು ಹಾಕಿದ ನಳಿಗೆಗಳು ಅರ್ಧ ದಾರಿ ದಾಟಿ ಸ್ವಲ್ಪ ಹೊತ್ತಿಗೇ ಸವೆದು ಗುರಿ ತಪ್ಪತೊಡಗಿದವು. ತಾಮ್ರದ ಹೊದಿಕೆಯದ್ದು ಗಟ್ಟಿಯಾಗಿ ನಿಂತಿತು.

ಆದರೆ ಅದು ರೈಫಲ್. ಅಲ್ಲಿ ಗುಂಡು ಸೆಕೆಂಡಿಗೆ 900 ಮೀಟರಿನ ಆಸುಪಾಸು ಓಡುತ್ತದೆ, ಒತ್ತಡ ಚದರ ಇಂಚಿಗೆ 55,000 ಪೌಂಡು. ಮಾವನ .32ರಲ್ಲಿ ಒತ್ತಡದ ಮಿತಿ 20,500, ಗುಂಡಿನ ವೇಗ 300 ಮೀಟರಿಗಿಂತ ಕಡಿಮೆ. ಬಿಸಿಯೂ ಕಡಿಮೆ. ವರ್ಷಕ್ಕೆ ಹಿಡಿಯಷ್ಟು ತೋಟೆ ಹೊಡೆಯುವವರ ಪಿಸ್ತೂಲಿನ ನಳಿಗೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ತುಕ್ಕು ಹಿಡಿಯದಿದ್ದರೆ.

ಇಷ್ಟು ಹೇಳಿ ಅವರನ್ನು ಕಳಿಸಿದೆ. ಕೆಲಸ ಶುರುವಾದದ್ದು ಆಮೇಲೆ.

ಪಿಸ್ತೂಲು

.32 ಪಿಸ್ತೂಲುಗಳಲ್ಲಿ ಬಹುಪಾಲು ಬ್ಲೋಬ್ಯಾಕ್ ಪದ್ಧತಿಯವು. ಬೀಗ ಇಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಎರಡೇ ಬಾಗಿಲು ಕಾಯುತ್ತವೆ. ಗುಂಡು ಮುಂದೆ ಹೋಗುವಾಗ ಖಾಲಿ ಕೇಸ್ ತಾನೇ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾದರೆ ಎಕ್ಸ್‌ಟ್ರಾಕ್ಟರ್ ಯಾಕೆ? ಹೊರಬಂದ ಕೇಸನ್ನು ಸ್ಲೈಡಿನ ಮುಖಕ್ಕೆ ಒತ್ತಿ ಹಿಡಿದಿರಲು. ಅದು ಹಿಡಿದಿದ್ದರೆ ಮಾತ್ರ ಹೊರಕ್ಕೆ ತಳ್ಳುವ ಎಜೆಕ್ಟರ್ ತಗುಲಿ ಕೇಸ್ ಪಕ್ಕಕ್ಕೆ ಹಾರುತ್ತದೆ. ಹಿಡಿತ ಸಡಿಲವಾದರೆ ಕೇಸ್ ತೂಗಾಡಿ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮಾವ ಹೇಳಿದ್ದು ಅದೇ ಲಕ್ಷಣ.

ಸ್ಲೈಡ್ ಬಿಚ್ಚಿ ಕಂಚಿನ ಬ್ರಷ್, ಸಾಲ್ವೆಂಟ್ ಹಾಕಿ ಚೇಂಬರ್ ತೊಳೆದೆ. ಬಿಳಿ ಬಟ್ಟೆ ತುಂಡು ಕಪ್ಪಾಗಿ ಬಂತು. ಹನ್ನೊಂದನೇ ತುಂಡು ಬಿಳಿಯಾಗಿ ಬಂತು. ರೀಕಾಯಿಲ್ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿದೆ, ಎತ್ತರ ಒಂದೇ. ಎಕ್ಸ್‌ಟ್ರಾಕ್ಟರ್ ಕೊಕ್ಕೆಯನ್ನು ಲೆನ್ಸಿನಲ್ಲಿ ನೋಡಿದೆ. ಅಂಚು ಹರಿತವಾಗಿತ್ತು, ಚಕ್ಕೆ ಎದ್ದಿರಲಿಲ್ಲ. ಮದ್ದಿಲ್ಲದ ಡಮ್ಮಿ ತೋಟೆಯನ್ನು ಕೊಕ್ಕೆಗೆ ಸಿಕ್ಕಿಸಿ ಸ್ಲೈಡನ್ನು ಮೆಲ್ಲಗೆ ಅಲ್ಲಾಡಿಸಿದೆ. ಬೀಳಲಿಲ್ಲ. ಮಸಿಯದ್ದೇ ತೊಂದರೆ, ಸರಿಯಾಯಿತು ಅಂದುಕೊಂಡು ಜೋಡಿಸಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆದಾಗ ಥರ್ಮಾಮೀಟರ್ 18 ಡಿಗ್ರಿ ತೋರಿಸುತ್ತಿತ್ತು. ಕೊಡುವ ಮುಂಚೆ ಇನ್ನೊಂದು ಸಲ ನೋಡೋಣ ಅಂತ ಡಮ್ಮಿ ಸಿಕ್ಕಿಸಿ ಅಲ್ಲಾಡಿಸಿದರೆ ಟಪ್ ಅಂತ ಬಿತ್ತು. ಮತ್ತೆ ಸಿಕ್ಕಿಸಿದೆ. ಮತ್ತೆ ಬಿತ್ತು. ನಿನ್ನೆ ಗಟ್ಟಿಯಾಗಿ ಹಿಡಿದದ್ದು ಇವತ್ತು ಬಿಡುತ್ತಿದೆ. ನಡುವೆ ಬದಲಾದದ್ದು ಚಳಿ ಒಂದೇ. ನಿನ್ನೆ ಕೆಲಸ ಮಾಡಿದ್ದು ಮೇಜಿನ ದೀಪದ ಬುಡದಲ್ಲಿ, ಸ್ಲೈಡ್ ಬೆಚ್ಚಗಾಗಿತ್ತು.

ಪಿನ್ ತಟ್ಟಿ ಎಕ್ಸ್‌ಟ್ರಾಕ್ಟರನ್ನು ಪೂರ್ತಿ ಹೊರಗೆ ತೆಗೆದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಅದರ ಕೆಳಗಿನ ಗೂಡಿನಲ್ಲಿ, ಸ್ಪ್ರಿಂಗಿನ ಸುತ್ತ, ಕಪ್ಪು ಮೇಣದಂಥದ್ದು ತುಂಬಿಕೊಂಡಿತ್ತು. ಹಲ್ಲುಕಡ್ಡಿಯಿಂದ ಸ್ವಲ್ಪ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದೆ. ಮೊದಲು ಗಟ್ಟಿಯಾಗಿ, ಸಣ್ಣ ಮರಳಿನ ಹಾಗೆ ಸಿಕ್ಕಿತು. ನಾಲ್ಕು ಸಲ ತಿಕ್ಕುವಷ್ಟರಲ್ಲಿ ಕರಗಿ ಜಿಡ್ಡಾಯಿತು. ಮೂಗಿಗೆ ಹಿಡಿದೆ. ಮಸಿಯ ವಾಸನೆಯ ಹಿಂದೆ ಕನೆದು ಹೋದ ಕೊಬ್ಬರಿ ಎಣ್ಣೆಯ ವಾಸನೆ.

ಮಾವನಿಗೆ ಫೋನ್ ಹಚ್ಚಿದೆ. "ಹೌದು, ಮನೇಲಿ ಗನ್ ಆಯಿಲ್ ಮುಗಿದಿತ್ತು. ಕೊಬ್ಬರಿ ಎಣ್ಣೆ ಹಾಕಿದ್ದೆ. ಎಣ್ಣೆ ಎಣ್ಣೇನೇ ಅಲ್ವಾ?" ಅಂದರು.

ಅಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆಯ ಬಾಟಲಿ ದಿನವಿಡೀ ಬೆಳ್ಳಗೆ ನಿಂತಿರುವುದನ್ನು ಕೊಡಗಿನ ಎಲ್ಲರೂ ನೋಡಿದ್ದೇವೆ. ಪಿಸ್ತೂಲಿನ ಒಳಗೂ ಅದೇ ಆಗುತ್ತದೆ. ಹೊಗೆಯ ಮಸಿ ಸೇರಿ ಇನ್ನೂ ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಕೊಕ್ಕೆಯನ್ನು ಒಳಕ್ಕೆ ಒತ್ತಲು ಆಗುವುದಿಲ್ಲ. ಕೊಕ್ಕೆ ಅರ್ಧ ತೆರೆದೇ ನಿಲ್ಲುತ್ತದೆ. ಉಕ್ಕೂ ಅಲ್ಲ, ಹಿತ್ತಾಳೆಯೂ ಅಲ್ಲ, ಅಡುಗೆಮನೆಯ ಎಣ್ಣೆ.

ಗೂಡು, ಸ್ಪ್ರಿಂಗ್, ಪಿನ್ ಎಲ್ಲ ಸಾಲ್ವೆಂಟಿನಲ್ಲಿ ನೆನೆಸಿ ತೊಳೆದೆ. ಒಣಗಿಸಿ, ಒಂದು ತೊಟ್ಟು ಗನ್ ಆಯಿಲ್ ಹಾಕಿ ಒರೆಸಿದೆ. ಜಾಸ್ತಿ ಎಣ್ಣೆಯೂ ಮಸಿ ಹಿಡಿಯುತ್ತದೆ, ಅದಕ್ಕೇ ಒಂದೇ ತೊಟ್ಟು. ರಾತ್ರಿ ಸ್ಲೈಡನ್ನು ಹೊರಗಿನ ಕೋಣೆಯ ಬೀರುವಿನಲ್ಲಿ ಬಿಚ್ಚಿಟ್ಟು ಬೆಳಿಗ್ಗೆ ಚಳಿಯಲ್ಲೇ ಪರೀಕ್ಷೆ ಮಾಡಿದೆ. ಇಪ್ಪತ್ತು ಸಲ ಅಲ್ಲಾಡಿಸಿದರೂ ಡಮ್ಮಿ ಬಿಡಲಿಲ್ಲ.

ಇಲ್ಲಿ ಉಕ್ಕಿನ ಕೇಸ್ ಬಗ್ಗೆ ಒಂದು ಮಾತು ಸೇರಿಸಬೇಕು. ಹಿತ್ತಾಳೆ ಸಿಡಿದಾಗ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಹೊಗೆ ಹಿಂದೆ ಬರಲು ಬಿಡುವುದಿಲ್ಲ. ಉಕ್ಕು ಅಷ್ಟು ಚೆನ್ನಾಗಿ ಉಬ್ಬುವುದಿಲ್ಲ, ಅದರ ಸುತ್ತಿನಿಂದ ಮಸಿ ಚೇಂಬರಿಗೆ ನುಗ್ಗುತ್ತದೆ. ಉಕ್ಕಿನ ಕೇಸ್ ನೂರಾರು ಹೊಡೆದು ತೊಳೆಯದೆ ಹಿತ್ತಾಳೆ ಹಾಕಿದರೆ, ಹಿತ್ತಾಳೆ ಆ ಮಸಿಯ ಮೇಲೆ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಉಕ್ಕಿನ ಮೇಲಿನ ಲೇಪ ಕರಗಿ ಅಂಟುತ್ತೆ ಅಂತ ಹೇಳುವವರು ಬಹಳ. ಅಂಟಿಸುವುದು ಹೆಚ್ಚಾಗಿ ಮಸಿ. ಆದ್ದರಿಂದ ಟೆಕ್ಸಾಸಿನ ಮಗನಿಗೆ ನಾನು ಹೇಳಿ ಕಳಿಸಿದ್ದು ಇಷ್ಟೇ: 9 ಮಿ.ಮೀ. ಕೇಸ್ ತುದಿಗೆ ಸ್ವಲ್ಪ ಕಿರಿದಾಗುತ್ತಾ ಹೋಗುವುದರಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಉಕ್ಕಿನದ್ದು ಹಾಕು. ಸಂಜೆ ಮನೆಗೆ ಬಂದ ಮೇಲೆ ಚೇಂಬರ್ ತೊಳಿ.

ಜೋಡು ನಳಿಗೆ

ಇದು ಎರಡು ದಿನ ತಿಂದಿತು. ಹಳೆಯ ಇಂಗ್ಲಿಷ್ ಕೋವಿ. ಮರದ ಹಿಡಿಯ ಮೇಲೆ ಮೂರು ತಲೆಮಾರಿನ ಕೈಯ ಹೊಳಪು. ಹೊರಗಿನಿಂದ ನೋಡಿದರೆ ಒಂದು ಚುಕ್ಕೆ ತುಕ್ಕಿಲ್ಲ.

ಮಾವ ತಂದಿದ್ದ ಖಾಲಿ ತೋಟೆಗಳಲ್ಲಿ ಎಡದ್ದು ಯಾವುದು ಬಲದ್ದು ಯಾವುದು ಅಂತ ಅವರೇ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿದ್ದರು. ಅದು ತುಂಬಾ ಉಪಯೋಗಕ್ಕೆ ಬಂತು. ಒಂದೇ ಡಬ್ಬಿಯ ತೋಟೆಗಳು, ಎಲ್ಲಕ್ಕೂ ಉಕ್ಕಿನ ಬುಡ. ಎಡ ನಳಿಗೆಯದ್ದು ಬೆರಳಲ್ಲಿ ಬರುತ್ತೆ, ಬಲದ್ದು ಬರಲ್ಲ. ತೋಟೆ ಒಂದೇ ಆಗಿದ್ದು ಫಲ ಬೇರೆ ಆದರೆ ತಪ್ಪು ತೋಟೆಯದ್ದಲ್ಲ.

ನಳಿಗೆ ಕಳಚಿ ಬಲ ಚೇಂಬರನ್ನು ಬಾಗಿಲ ಬೆಳಕಿಗೆ ಹಿಡಿದೆ. ಹಿಂಬದಿಯಿಂದ ಒಂದು ಬೆರಳು ಒಳಗೆ, ಕೆಳಭಾಗದಲ್ಲಿ, ಸಿಡುಬಿನ ಕಲೆಯಂಥ ಗುಂಡಿಗಳ ಸಾಲು. ಯಾಕೆ ಕೆಳಭಾಗದಲ್ಲಿ ಮಾತ್ರ? ಕೋವಿಯನ್ನು ಚರ್ಮದ ಚೀಲದಲ್ಲಿ ಹಾಕಿ ಒಂದೇ ಮಗ್ಗುಲಲ್ಲಿ ಮಲಗಿಸಿ ಇಡುತ್ತಿದ್ದರು. ಚರ್ಮ ನೀರು ಹೀರುತ್ತದೆ, ಬಿಡುವುದಿಲ್ಲ. ಇಷ್ಟು ಮಳೆ ಬೀಳುವ ಊರಲ್ಲಿ ಚರ್ಮದ ಚೀಲ ಅಂದರೆ ಕೋವಿಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಮುಂಚಿನವರು ಕೋವಿಯನ್ನು ಗೋಡೆಗೆ ತೂಗುಹಾಕುತ್ತಿದ್ದರು, ಗಾಳಿಯಾಡುತ್ತಿತ್ತು. ಕರಿಮದ್ದು ಹೊಡೆದ ದಿನವೇ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಮದ್ದಿನ ಉಪ್ಪು ನೀರಿನಲ್ಲಿ ಮಾತ್ರ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ನೀರು ಹೊಯ್ದು, ಬಿಸಿಗೆ ತಾನೇ ಒಣಗಿದ ಮೇಲೆ ಎಣ್ಣೆ. ಅದು ಸರಿಯಾದ ಕ್ರಮ.

ಉಕ್ಕಿಗೂ ಇದರಲ್ಲಿ ಒಂದು ಪಾಲಿದೆ, ಅದನ್ನು ಮುಚ್ಚಿಡುವುದಿಲ್ಲ. ಹಿತ್ತಾಳೆ ಉಬ್ಬಿದ ಮೇಲೆ ಚೆನ್ನಾಗಿ ಹಿಂದಕ್ಕೆ ಕುಗ್ಗುತ್ತದೆ. ಉಕ್ಕು ಅಷ್ಟು ಕುಗ್ಗುವುದಿಲ್ಲ. ನುಣುಪಾದ ಚೇಂಬರಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಗುಂಡಿ ಬಿದ್ದ ಚೇಂಬರಿನಲ್ಲಿ ಉಬ್ಬಿದ ಬುಡ ಗುಂಡಿಗಳಿಗೆ ಕಚ್ಚಿಕೊಂಡು ಕೂರುತ್ತದೆ. ಮೀಟಲು ಚಾಕು ಬೇಕಾಗುತ್ತದೆ.

ಗುಂಡಿಗಳನ್ನು ಪೂರ್ತಿ ತೆಗೆಯಲು ಹೋದರೆ ಚೇಂಬರ್ ದೊಡ್ಡದಾಗುತ್ತದೆ, ಅದು ಅಪಾಯ. ತೆಗೆಯಬೇಕಾದದ್ದು ಮೇಲೆದ್ದ ತುಕ್ಕನ್ನು ಮಾತ್ರ. ಮರದ ಕೋಲಿಗೆ ಅತಿ ನುಣ್ಣನೆಯ ಸ್ಟೀಲ್ ವುಲ್ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಕೈಯಲ್ಲೇ ತಿರುಗಿಸಿದೆ. ಡ್ರಿಲ್‌ಗೆ ಸಿಕ್ಕಿಸಲಿಲ್ಲ. ಡ್ರಿಲ್ಲಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಒಂದೂವರೆ ಗಂಟೆ ತಿರುಗಿಸಿದ ಮೇಲೆ ಬೆರಳಿಗೆ ಗರಗರ ಸಿಗುವುದು ನಿಂತಿತು. ಗುಂಡಿಗಳು ಕಾಣುತ್ತವೆ, ಅಂಚು ಮಾತ್ರ ಕಚ್ಚುವುದಿಲ್ಲ.

ಮುಗಿಯಿತು ಅಂತ ಒರೆಸುವಾಗ, ಅಭ್ಯಾಸದಂತೆ ಚೇಂಬರಿನ ಉದ್ದ ಅಳೆಯುವ ಗೇಜ್ ಇಳಿಸಿದೆ. 65 ಮಿ.ಮೀ.ಗೆ ನಿಂತಿತು. ಇನ್ನೊಂದು ನಳಿಗೆ, ಅದೂ 65. ಮಾವನ ಖಾಲಿ ತೋಟೆ ಅಳೆದೆ. 70.

ಕೈ ತಣ್ಣಗಾಯಿತು. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಹೆದರಿಕೆ ಆದದ್ದು ಆ ಒಂದು ಗಳಿಗೆ. 70 ಅನ್ನುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಹೊಡೆಯುವ ಮುಂಚೆ ಬಾಯಿ ಮಡಚಿರುತ್ತದೆ, ಆದ್ದರಿಂದ 65ರ ಚೇಂಬರಿನಲ್ಲೂ ಚೆನ್ನಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆಗೆ ಚಾಚಿಕೊಳ್ಳುತ್ತದೆ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಆ ಇಕ್ಕಟ್ಟಿನಲ್ಲಿ ತೂರಬೇಕು, ಒತ್ತಡ ಏರುತ್ತದೆ. ಹಳೆಯ ತೆಳು ನಳಿಗೆಗೆ ಅದು ಒಳ್ಳೆಯದಲ್ಲ.

ಮಾವನನ್ನು ಕರೆಸಿ ಗೇಜ್ ಅವರ ಕೈಗೇ ಕೊಟ್ಟು ತೋರಿಸಿದೆ. "ಹೆಗಲಿಗೆ ಜೋರಾಗಿ ಒದೀತಿತ್ತು. ವಯಸ್ಸಾಯ್ತಲ್ಲ, ಅದಕ್ಕೆ ಅಂದುಕೊಂಡಿದ್ದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಕ್ಕಿನ ಚರೆ ಅಂತ ಬರುತ್ತಂತಲ್ಲ, ಅದು?" ಅಂತ ಕೇಳಿದರು.

ಅದು ಬೇಡವೇ ಬೇಡ ಅಂದೆ. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆಯನ್ನು 1991ರಿಂದ ನಿಲ್ಲಿಸಿದ್ದಾರೆ, ಅಲ್ಲಿ ಉಕ್ಕಿನ ಚರೆ ಹಾಕುತ್ತಾರೆ, ಅದಕ್ಕೆ ಸರಿಯಾಗಿ ಮಾಡಿದ ಕೋವಿಗಳೂ ಇವೆ. ಸೀಸ ಚೋಕ್, ಅಂದರೆ ನಳಿಗೆಯ ತುದಿಯ ಕಿರಿದಾದ ಭಾಗ, ದಾಟುವಾಗ ಚಪ್ಪಟೆಯಾಗಿ ಜಾಗ ಮಾಡಿಕೊಳ್ಳುತ್ತದೆ. ಉಕ್ಕು ಬಗ್ಗುವುದಿಲ್ಲ. ಇಂಥ ಬಿಗಿ ಚೋಕಿನ ಹಳೆ ನಳಿಗೆಯ ತುದಿ ಬಳೆಯ ಹಾಗೆ ಉಬ್ಬಿಕೊಳ್ಳಬಹುದು. ಬುಡದಲ್ಲಿ ಉಕ್ಕಿದ್ದರೆ ಪರವಾಗಿಲ್ಲ, ನಳಿಗೆ ದಾಟುವ ವಸ್ತುವಿನಲ್ಲಿ ಉಕ್ಕಿದ್ದರೆ ಯೋಚನೆ ಮಾಡಬೇಕು.

ಚರ್ಮದ ಚೀಲವನ್ನು ಹೊರಗೆ ಹೋಗುವಾಗ ಮಾತ್ರ ಬಳಸಿ ಅಂತ ಹೇಳಿದೆ. ಮನೆಯಲ್ಲಿ ಬೀಗದ ಬೀರು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸುವುದು. ತೋಟೆಗಳು ಬೇರೆ ಕಡೆ, ಬೇರೆ ಬೀಗದಲ್ಲಿ. ನಮ್ಮಲ್ಲಿ ಕೊಡವರಿಗೂ ಜಮ್ಮಾ ಅನ್ನುವ ಪರಂಪರೆಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನ ವಿನಾಯಿತಿ ಸದ್ಯ 2029ರ ಅಕ್ಟೋಬರ್‌ವರೆಗೆ ಇದೆ. ಕೋವಿಯನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಆ ನಂಬಿಕೆಗೆ ನಾವು ಕೊಡುವ ಮರ್ಯಾದೆ ಅಂತ ನಾನು ನಂಬಿದ್ದೇನೆ.

ಸೆಪ್ಟೆಂಬರ್ 3

ಮಾವನ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ನನ್ನನ್ನೂ ಕರೆದಿದ್ದರು. ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಸಾಲಾಗಿ ಇಟ್ಟ ಆಯುಧಗಳ ನಡುವೆ ಆ ಜೋಡು ನಳಿಗೆ, ತುದಿಯಲ್ಲಿ ಕೆಂಪು ಹಳದಿಯ ತೋಕ್ ಪೂ, ಅಂದರೆ ಕೋವಿ ಹೂ. ಪೂಜೆ ಆಯಿತು. ಕಡಂಬುಟ್ಟು, ಪಂದಿ ಕರಿ ಆಯಿತು. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಗದ್ದೆಯ ಆಚೆ ಮರಕ್ಕೆ ತೆಂಗಿನಕಾಯಿ ಕಟ್ಟಿದರು.

ಮಾವ 65 ಮಿ.ಮೀ. ತೋಟೆಗಳನ್ನು ಕೇಳಿ ತರಿಸಿದ್ದರು. ಮೊದಲು ಬಲ ನಳಿಗೆ, ಆಮೇಲೆ ಎಡ. ಎರಡನೇ ಈಡಿಗೆ ಕಾಯಿ ಒಡೆದು ನೀರು ಸುರಿಯಿತು, ಮಕ್ಕಳು ಕೂಗಿದರು. ಅವರು ಕೋವಿ ಮುರಿದು, ನನ್ನ ಕಡೆ ನೋಡುತ್ತಾ, ಬಲಗಡೆಯ ಖಾಲಿ ತೋಟೆಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದರು. ಇನ್ನೂ ಬೆಚ್ಚಗಿತ್ತು. ಜೇಬಿನಲ್ಲಿದ್ದ ಮ್ಯಾಗ್ನೆಟ್ ತೆಗೆದು ಬುಡಕ್ಕೆ ಹಿಡಿದೆ. ಟಕ್ ಅಂತ ಅಂಟಿಕೊಂಡಿತು.